ತಂತಿಯಿಲ್ಲದ ಚಾರ್ಜಿಂಗ್: ಬಿಸಿಗೂ ನಿಧಾನಕ್ಕೂ ಒಂದೇ ಕಾರಣ

ವೈರ್ ಚುಚ್ಚದೆ ಫೋನ್ ಚಾರ್ಜ್ ಮಾಡುವ ಪ್ಯಾಡ್ ಉತ್ತರ ಬೆಂಗಳೂರಿನವರಿಗೆ ಈಗ ಹೊಸದೇನಲ್ಲ. ಆರ್.ಟಿ. ನಗರದ ಮೊಬೈಲ್ ಅಂಗಡಿಗಳಲ್ಲಿ ದುಂಡು ದುಂಡಾದ ಪ್ಯಾಡ್‌ಗಳು ಸಾಲಾಗಿ ನೇತಾಡುತ್ತವೆ. ಹೊಸ ಕಾರುಗಳಲ್ಲಿ ಗೇರಿನ ಮುಂದೆ ಅದಕ್ಕೆಂದೇ ಒಂದು ಗೂಡು ಇರುತ್ತದೆ. ವಿಮಾನ ನಿಲ್ದಾಣಕ್ಕೆ ಓಡುವ ಟ್ಯಾಕ್ಸಿಗಳ ಮುಂಗಾಜಿನ ಮೇಲೂ ಅದು ಬಂದು ಕೂತಿದೆ. ಅದರ ಜೊತೆಯಲ್ಲೇ ಎರಡು ದೂರುಗಳೂ ಬಂದಿವೆ. ಫೋನ್ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ ಎನ್ನುವುದು ಒಂದು. ಎಷ್ಟು ಹೊತ್ತು ಇಟ್ಟರೂ ಚಾರ್ಜ್ ಏರುವುದಿಲ್ಲ ಎನ್ನುವುದು ಇನ್ನೊಂದು. ಇವೆರಡು ಬೇರೆ ಬೇರೆ ತೊಂದರೆ ಎಂದು ತಿಳಿದು ಕೆಲವರು ಪ್ಯಾಡ್ ಬದಲಾಯಿಸುತ್ತಾರೆ, ಕೆಲವರು ಫೋನನ್ನೇ ಬದಲಾಯಿಸುತ್ತಾರೆ. ವಿದ್ಯುತ್ ಯಂತ್ರಗಳ ಪಾಠ ಹೇಳಿಕೊಂಡೇ ಬಂದ ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು: ಹೆಚ್ಚಾಗಿ ತೊಂದರೆಯ ಮೂಲ ಒಂದೇ. ಬ್ಯಾಟರಿಗೆ ಸೇರದೆ ದಾರಿಯಲ್ಲಿ ಸೋರಿಹೋದ ವಿದ್ಯುತ್ತು ಬಿಸಿಯಾಗುತ್ತದೆ. ಆ ಬಿಸಿಯಿಂದ ಬ್ಯಾಟರಿಯನ್ನು ಕಾಪಾಡಲು ಫೋನ್ ತಾನಾಗಿ ಚಾರ್ಜಿಂಗ್ ತಗ್ಗಿಸುತ್ತದೆ. ಪ್ಯಾಡಿಗೆ ಬರುವ ವಿದ್ಯುತ್ತೇ ಕಡಿಮೆಯಿದ್ದರೆ ನಿಧಾನಕ್ಕೆ ಅದೂ ಸೇರಿಕೊಳ್ಳುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ದೇವನಹಳ್ಳಿಯಿಂದ ಟ್ಯಾಕ್ಸಿಯಲ್ಲಿ ಬರುತ್ತಿದ್ದೆ. ಹೆಬ್ಬಾಳದ ಮೇಲ್ಸೇತುವೆಗೆ ಮುಂಚೆ, ಎಸ್ಟೀಮ್ ಮಾಲ್ ಹತ್ತಿರ, ಎಂದಿನಂತೆ ಗಾಡಿಗಳು ನಿಂತವು. ಚಾಲಕನ ಫೋನ್ ಮುಂಗಾಜಿಗೆ ಅಂಟಿಸಿದ ಚಾರ್ಜಿಂಗ್ ಹೋಲ್ಡರ್‌ನಲ್ಲಿತ್ತು. ದಪ್ಪ ರಬ್ಬರಿನ ಕವರು. ಹೋಲ್ಡರ್‌ನಿಂದ ಇಳಿದ ವೈರು ಕಾರಿನ ಸ್ಟೀರಿಯೊದ ಯುಎಸ್‌ಬಿ ತೂತಿಗೆ ಸೇರಿತ್ತು. ನೆತ್ತಿಯ ಬಿಸಿಲು ನೇರವಾಗಿ ಫೋನಿನ ಮೇಲೆ ಬೀಳುತ್ತಿತ್ತು. ನೋಡ ನೋಡುತ್ತಲೇ ಪರದೆ ಮಂಕಾಯಿತು, ಮ್ಯಾಪಿನ ದಾರಿ ಕಾಣದಾಯಿತು. "ಬೆಳಿಗ್ಗೆಯಿಂದ ಚಾರ್ಜಿಗೇ ಹಾಕಿದೀನಿ ಸಾರ್. ಅರವತ್ತಿತ್ತು, ಈಗ ನಲವತ್ತು. ಹಾಕಿದ್ರೂ ಇಳೀತಾನೇ ಇದೆ" ಎಂದ ಆತ ಫೋನನ್ನು ಕಿತ್ತು ಎಸಿ ಗಾಳಿಗೆ ಹಿಡಿದ. ನನ್ನ ಕೈಗೂ ಕೊಟ್ಟ. ಬೆನ್ನಿನ ಕಡೆ ಬೆರಳಿಟ್ಟರೆ ತೆಗೆಯುವಂತಿತ್ತು.

ಚಾರ್ಜಿಗೆ ಹಾಕಿದ್ದರೂ ಚಾರ್ಜ್ ಇಳಿಯುವುದು ಹೇಗೆ? ಲೆಕ್ಕ ಹಾಕಿದರೆ ಆಶ್ಚರ್ಯವೇನೂ ಉಳಿಯುವುದಿಲ್ಲ. ಅನೇಕ ಕಾರುಗಳ ಸ್ಟೀರಿಯೊದಲ್ಲಿರುವ ಯುಎಸ್‌ಬಿ ತೂತು ಹಾಡಿನ ಪೆನ್‌ಡ್ರೈವ್ ಹಾಕಲೆಂದು ಇಟ್ಟದ್ದು. ಅದು ಕೊಡುವುದು 5 ವೋಲ್ಟಿನಲ್ಲಿ ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. ಕೆಲವು ಪ್ಯಾಡ್‌ಗಳು ಇಷ್ಟು ಕಡಿಮೆ ವಿದ್ಯುತ್ತಿಗೆ ಕೆಲಸವನ್ನೇ ಶುರು ಮಾಡುವುದಿಲ್ಲ, ದೀಪ ಮಿಣುಕಿಸಿ ಸುಮ್ಮನಾಗುತ್ತವೆ. ಶುರು ಮಾಡುವ ಪ್ಯಾಡ್ ಅದರಲ್ಲಿ ಮುಕ್ಕಾಲು ಪಾಲನ್ನು ಫೋನಿಗೆ ದಾಟಿಸಿತು ಎಂದೇ ಇಟ್ಟುಕೊಳ್ಳೋಣ. ಫೋನಿಗೆ ಸಿಕ್ಕಿದ್ದು ಎರಡು ವ್ಯಾಟಿಗೂ ಕಡಿಮೆ. ಪರದೆ ಪೂರ್ತಿ ಬೆಳಕಿನಲ್ಲಿ, ಮ್ಯಾಪ್, ಜಿಪಿಎಸ್, ಮೊಬೈಲ್ ಡೇಟಾ ಎಲ್ಲ ಒಟ್ಟಿಗೆ ನಡೆಯುವಾಗ ಫೋನ್ ತಿನ್ನುವುದು ಸುಲಭವಾಗಿ ಮೂರು ವ್ಯಾಟ್. ಬರುವುದು ಎರಡು, ಹೋಗುವುದು ಮೂರು. ಹೀಗಿರುವಾಗ ಚಾರ್ಜ್ ಇಳಿಯದೆ ಇನ್ನೇನಾದೀತು! ದಿನವಿಡೀ ಕಾರಿನಲ್ಲೇ ಕೂತು ದುಡಿಯುವವರಿಗೆ ಫೋನ್ ಆರಿಹೋದರೆ ಆ ಹೊತ್ತಿನ ಸಂಪಾದನೆಯೇ ಹೋಯಿತು. ಆದ್ದರಿಂದ ಇದು ಸಣ್ಣ ವಿಷಯವಲ್ಲ.

ಇನ್ನು ಬಿಸಿಯ ಮಾತು. ಅದನ್ನು ತಿಳಿಯಲು ಪ್ಯಾಡಿನ ಒಳಗೆ ನಡೆಯುವುದನ್ನು ಸ್ವಲ್ಪ ನೋಡಬೇಕು.

1831ರಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ಕಡೆ ಬೇರೆ ಬೇರೆ ತಂತಿ ಸುತ್ತಿದ. ಒಂದು ಸುತ್ತಿನಲ್ಲಿ ವಿದ್ಯುತ್ತು ಬದಲಾದಾಗಲೆಲ್ಲ, ಅದಕ್ಕೆ ತಾಗದೆ ಇದ್ದ ಇನ್ನೊಂದು ಸುತ್ತಿನಲ್ಲೂ ವಿದ್ಯುತ್ತು ಹುಟ್ಟಿತು. ನಮ್ಮ ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್, ಹಳ್ಳಿಯ ಕಡೆ ಟಿಸಿ ಎಂದು ಕರೆಯುವ ಆ ಪೆಟ್ಟಿಗೆ, ಇದೇ ತತ್ವದ ಮೇಲೆ ನಿಂತಿದೆ. ಯಶವಂತಪುರದ ಪಕ್ಕದಲ್ಲಿ ಈಗ ಒರಾಯನ್ ಮಾಲ್ ಇರುವ ಜಾಗದಲ್ಲಿ ಮೊದಲು ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇತ್ತು. ತಾಮ್ರದ ತಂತಿ ಸುತ್ತುವ ಕಸುಬು ಈ ಭಾಗಕ್ಕೆ ಹಳೆಯದು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಸದಾಶಿವನಗರದ ಬಳಿ, 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಿದೆ. ಟ್ರಾನ್ಸ್‌ಫಾರ್ಮರ್‌ಗಳನ್ನು ಪರೀಕ್ಷೆಗೆ ಒಡ್ಡುವುದು ಅದರ ಕೆಲಸಗಳಲ್ಲಿ ಒಂದು. ಒಳ್ಳೆಯ ದೊಡ್ಡ ಟ್ರಾನ್ಸ್‌ಫಾರ್ಮರ್ ತನಗೆ ಬಂದ ವಿದ್ಯುತ್ತಿನಲ್ಲಿ ನೂರಕ್ಕೆ 99 ಪಾಲನ್ನು ಆಚೆ ದಾಟಿಸುತ್ತದೆ. ಉಳಿದ ಒಂದು ಪಾಲಿನ ಬಿಸಿಯನ್ನು ಹೊರಹಾಕಲು ಅದಕ್ಕೆ ಎಣ್ಣೆ ಬೇಕು, ಬೆನ್ನ ಮೇಲೆ ತಗಡಿನ ರೆಕ್ಕೆಗಳು ಬೇಕು.

ಚಾರ್ಜಿಂಗ್ ಪ್ಯಾಡ್ ಕೂಡ ಟ್ರಾನ್ಸ್‌ಫಾರ್ಮರೇ. ಅದನ್ನು ನಡುವೆ ಸೀಳಿ ಅರ್ಧವನ್ನು ಪ್ಯಾಡಿನಲ್ಲಿ, ಇನ್ನರ್ಧವನ್ನು ಫೋನಿನ ಬೆನ್ನಿನಲ್ಲಿ ಇಟ್ಟಿದ್ದಾರೆ. ಎರಡನ್ನೂ ಬೆಸೆಯುತ್ತಿದ್ದ ಕಬ್ಬಿಣ ಇಲ್ಲಿಲ್ಲ. ಇರುವುದು ಪ್ಲಾಸ್ಟಿಕ್, ಗಾಳಿ, ಗಾಜು, ಅದರ ಮೇಲೆ ನಾವು ಹಾಕಿದ ಕವರು. ಆ ಕೊರತೆ ತುಂಬಲು ಮನೆಯ ಕರೆಂಟಿನಲ್ಲಿ ಸೆಕೆಂಡಿಗೆ 50 ಸಲ ಆಗುವ ಏರಿಳಿತವನ್ನು ಪ್ಯಾಡಿನಲ್ಲಿ ಲಕ್ಷಕ್ಕೂ ಹೆಚ್ಚು ಸಲಕ್ಕೆ ಏರಿಸುತ್ತಾರೆ. ಕ್ಯೂಐ ಎಂಬ ಮಾನಕದ ಸಾಮಾನ್ಯ ಪ್ಯಾಡ್‌ಗಳು 100ರಿಂದ 200 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆಯಸ್ಕಾಂತದಿಂದ ಅಂಟಿಕೊಳ್ಳುವ ಹೊಸ ಬಗೆಯವು 360 ಕಿಲೋಹರ್ಟ್ಸ್‌ನಲ್ಲಿ. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಅಂದರೆ ನಿಮ್ಮ ಪ್ಯಾಡ್ ರೇಡಿಯೊ ಮುಳ್ಳು ತಲುಪುವ ಎಡತುದಿಗಿಂತ ಸ್ವಲ್ಪ ಆಚೆ ನಿಂತು ಕೆಲಸ ಮಾಡುತ್ತಿದೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊವನ್ನು ಅದರ ಪಕ್ಕಕ್ಕೆ ಒಯ್ದರೆ ಗರಗರ ಸದ್ದು ಕೇಳುವುದೂ ಇದಕ್ಕೇ.

ಇಲ್ಲಿ ಕೆಲವರು ಕೇಳುವುದುಂಟು: ರೇಡಿಯೊ ನೂರಾರು ಮೈಲಿ ತಲುಪುವಾಗ ಚಾರ್ಜರ್ ಮಾತ್ರ ಒಂದು ಬೆರಳಿನ ಅಂತರಕ್ಕೇ ಸೋಲುವುದೇಕೆ? ಯಲಹಂಕದಲ್ಲಿ ಆಕಾಶವಾಣಿ ಸ್ಥಾಪಿಸಿದ ಕಿರುತರಂಗ ಪ್ರೇಷಕಗಳು ತಲಾ 500 ಕಿಲೋವ್ಯಾಟ್ ಸಾಮರ್ಥ್ಯದವು. ಅಷ್ಟು ಶಕ್ತಿ ಆಕಾಶಕ್ಕೆ ಚೆಲ್ಲಿದರೂ ದೂರದ ಊರಿನ ಒಂದು ರೇಡಿಯೊಗೆ ಸಿಗುವುದು ವ್ಯಾಟಿನ ಲಕ್ಷದ, ದಶಲಕ್ಷದ ಪಾಲಿಗಿಂತಲೂ ಕಡಿಮೆ. ದನಿ ಕೇಳಿಸಲು ಅಷ್ಟು ಸಾಕು, ಏಕೆಂದರೆ ಉಳಿದ ಶಕ್ತಿಯನ್ನು ರೇಡಿಯೊ ತನ್ನ ಸೆಲ್ಲಿನಿಂದ ಪಡೆಯುತ್ತದೆ. ಬ್ಯಾಟರಿ ತುಂಬಿಸಲು ಮಾತ್ರ ಪೂರ್ತಿ ವಿದ್ಯುತ್ತೇ ಬಂದು ಸೇರಬೇಕು. ಹಾಗಾಗಿ ಪ್ಯಾಡ್ ದೂರಕ್ಕೆ ಏನನ್ನೂ ಕಳಿಸುವುದಿಲ್ಲ. ತನ್ನ ಸುತ್ತ ನಾಲ್ಕೈದು ಮಿಲಿಮೀಟರಿನಷ್ಟು ಜಾಗದಲ್ಲಿ ಕಾಂತಕ್ಷೇತ್ರ ಎಬ್ಬಿಸಿ ಫೋನಿನ ಸುರುಳಿ ಅದರೊಳಗೆ ಬಂದು ಕೂರಲೆಂದು ಕಾಯುತ್ತದೆ. ಸುರುಳಿ ಸರಿಯಾಗಿ ಮೇಲೆ ಬಂದರೆ ಸರಿ. ಒಂದು ಸೆಂಟಿಮೀಟರ್ ಆಚೀಚೆ ಸರಿದರೂ ದಾಟುವ ಪಾಲು ಇಳಿಯುತ್ತದೆ, ಕೊರತೆ ತುಂಬಲು ಪ್ಯಾಡ್ ಇನ್ನಷ್ಟು ವಿದ್ಯುತ್ತು ಎಳೆಯುತ್ತದೆ, ಬಿಸಿ ಏರುತ್ತದೆ.

ಎಲ್ಲ ಸರಿಯಿದ್ದಾಗಲೂ ಅಡಾಪ್ಟರಿನಿಂದ ಹೊರಟ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು 70-80 ಪಾಲು ಫೋನಿಗೆ ಸೇರುತ್ತದೆ. 15 ವ್ಯಾಟ್ ಸೇರಬೇಕಾದರೆ 20 ವ್ಯಾಟ್ ಹೊರಡಬೇಕು. ನಡುವಿನ ಐದು ವ್ಯಾಟ್ ಬರೀ ಶಾಖ. ವೈರಿನ ಚಾರ್ಜಿಂಗ್‌ನಲ್ಲೂ ನಷ್ಟವಿದೆ, ಆದರೆ ಅದರ ದೊಡ್ಡ ಪಾಲು ಗೋಡೆಯ ಪ್ಲಗ್ಗಿನಲ್ಲಿರುವ ಅಡಾಪ್ಟರಿನಲ್ಲೇ ಮುಗಿಯುತ್ತದೆ. ಪ್ಯಾಡಿನಲ್ಲಿ ಹಾಗಲ್ಲ. ಪ್ಯಾಡಿನ ಸುರುಳಿ, ಫೋನಿನ ಸುರುಳಿ, ಏರಿಳಿತದ ಕರೆಂಟನ್ನು ನೇರ ಕರೆಂಟಾಗಿಸುವ ಚಿಪ್ಪು, ಇವೆಲ್ಲ ಫೋನಿನ ಬೆನ್ನಿಗೇ ಅಂಟಿಕೊಂಡಿವೆ. ಎಷ್ಟೋ ಫೋನುಗಳಲ್ಲಿ ಆ ಸುರುಳಿ ಇರುವುದು ಬ್ಯಾಟರಿಯ ಮೇಲೆಯೇ. ಶಾಖ ಹುಟ್ಟಬಾರದ ಜಾಗದಲ್ಲೇ ಹುಟ್ಟುತ್ತದೆ. ಹೊರಹಾಕಲು ಟಿಸಿಗಿರುವ ಎಣ್ಣೆಯೂ ಇಲ್ಲ, ರೆಕ್ಕೆಯೂ ಇಲ್ಲ.

ಕರೆಂಟ್ ಬಿಲ್ ಹೆಚ್ಚುತ್ತದೆಯೇ ಎಂದು ಚಿಂತಿಸುವವರಿಗೆ ಒಂದು ಸಮಾಧಾನ ಹೇಳಿಬಿಡುತ್ತೇನೆ. 5000 ಎಂಎಎಚ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಗಂಟೆ. ಒಂದು ಯೂನಿಟ್ ಅಂದರೆ 1000 ವ್ಯಾಟ್-ಗಂಟೆ. ದಿನಕ್ಕೊಮ್ಮೆ ಪೂರ್ತಿ ತುಂಬಿಸಿದರೂ ವೈರಿಗೂ ಪ್ಯಾಡಿಗೂ ಇರುವ ವ್ಯತ್ಯಾಸ ವರ್ಷಕ್ಕೆ ಎರಡು ಯೂನಿಟ್ ಆಸುಪಾಸು. ಬೆಸ್ಕಾಂ ಬಿಲ್ಲಿನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ಬೆಲೆ ತೆರುವುದು ಬ್ಯಾಟರಿ.

ಆ ಬೆಲೆ ಎಂಥದು ಎಂದು ತಿಳಿಯಬೇಕಾದರೆ ಮೊಬೈಲ್ ರಿಪೇರಿಯವರ ಮೇಜಿನ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಆರ್.ಟಿ. ನಗರದ ಒಂದು ಪುಟ್ಟ ಅಂಗಡಿಯಲ್ಲಿ ನಾನು ನೋಡಿದ್ದೇನೆ. ಹುಡುಗ ಫೋನನ್ನು ಬಿಸಿ ಹಲಗೆಯ ಮೇಲಿಟ್ಟು ಅಂಟು ಸಡಿಲಾದ ಮೇಲೆ ತೆಳು ಪ್ಲಾಸ್ಟಿಕ್ ಚೂರಿನಿಂದ ಹಿಂಬದಿಯ ಗಾಜನ್ನು ಎತ್ತಿದ. ಒಳಗೆ ತಾಮ್ರದ ಸುರುಳಿ, ಚಪ್ಪಟೆಯಾಗಿ ಸುತ್ತಿ ಕಪ್ಪು ಫೆರೈಟ್ ಹಾಳೆಗೆ ಅಂಟಿಸಿದ್ದು. ಕಾಂತಕ್ಷೇತ್ರ ಅದನ್ನು ದಾಟಿ ಒಳಗಿನ ಲೋಹಕ್ಕೆ ಹೋಗಬಾರದೆಂದು ಆ ಹಾಳೆ. ಅದರ ಕೆಳಗೆ ಬ್ಯಾಟರಿ. ಚೀಲದಂಥ ಆ ಬೆಳ್ಳಿ ಬಣ್ಣದ ಹೊದಿಕೆ ಸಮತಟ್ಟಾಗಿರಬೇಕಿತ್ತು. ನಡುವೆ ಉಬ್ಬಿ ನಿಂತಿತ್ತು. "ಬ್ಯಾಟರಿ ಊದ್ಕೊಂಡಿದೆ ಸಾರ್, ಅದಕ್ಕೇ ಡಿಸ್‌ಪ್ಲೇ ಮೇಲೆದ್ದಿರೋದು" ಎಂದು ಆತ ಫೋನಿನ ಯಜಮಾನರಿಗೆ ತೋರಿಸಿದ.

1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ, 2019ರಲ್ಲಿ ತನ್ನ ಮೂವರು ನಿರ್ಮಾತೃಗಳಿಗೆ ನೊಬೆಲ್ ತಂದುಕೊಟ್ಟ ಈ ಲಿಥಿಯಂ-ಅಯಾನ್ ಬ್ಯಾಟರಿಗೆ ಶಾಖ ಆಗಿಬರುವುದಿಲ್ಲ. ಒಳಗಿನ ದ್ರಾವಣ ಬಿಸಿಯಲ್ಲಿ ಬೇಗ ಕೆಡುತ್ತದೆ, ವಿದ್ಯುದ್ವಾರದ ಮೇಲಿನ ಪದರ ದಪ್ಪವಾಗುತ್ತದೆ, ಅನಿಲ ಹುಟ್ಟುತ್ತದೆ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದು, ಮೇಲಿಂದ ಬಿಸಿಯೂ ಆಗಿದ್ದರೆ ಈ ಕೆಡುವಿಕೆ ಇನ್ನೂ ಚುರುಕು. ಆದ್ದರಿಂದಲೇ ಸಾಮಾನ್ಯವಾಗಿ ಬ್ಯಾಟರಿ 45 ಡಿಗ್ರಿ ದಾಟಿದರೆ ಅದಕ್ಕೆ ಚಾರ್ಜ್ ತುಂಬಿಸಬಾರದೆಂಬ ಮಿತಿ ಇಟ್ಟಿರುತ್ತಾರೆ. ಐಫೋನನ್ನು ಬಳಸಬೇಕಾದ ಹೊರಗಿನ ತಾಪಮಾನ 0ರಿಂದ 35 ಡಿಗ್ರಿ ಎಂದು ಅದರ ತಯಾರಕರೇ ಹೇಳುತ್ತಾರೆ. ಬ್ಯಾಟರಿ ಬಿಸಿಯಾದರೆ 80ರ ಮೇಲೆ ಚಾರ್ಜ್ ಏರದಂತೆ ಫೋನ್ ತಡೆಯಬಹುದು ಎಂದೂ ಹೇಳುತ್ತಾರೆ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯಿತು, 2024ರ ಏಪ್ರಿಲ್‌ನಲ್ಲಿ 38.5. ಇವು ನೆರಳಿನ ಅಂಕಿಗಳು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುವುದುಂಟು. ಅಂಥ ಜಾಗದಲ್ಲಿ, ಪ್ಯಾಡಿನ ಸ್ವಂತ ಶಾಖವೂ ಸೇರಿಕೊಂಡಾಗ, ಫೋನ್ ಚಾರ್ಜಿಂಗ್ ನಿಲ್ಲಿಸಿ ಪರದೆ ಮಂಕು ಮಾಡಿದರೆ ಅದು ಕೆಟ್ಟುಹೋಗಿಲ್ಲ. ಮಾಡಬೇಕಾದ್ದನ್ನೇ ಮಾಡುತ್ತಿದೆ.

ಹಾಗಾದರೆ ಪೆಟ್ಟಿಗೆಯ ಮೇಲೆ 15 ವ್ಯಾಟ್ ಎಂದು ಬರೆದದ್ದು ಸುಳ್ಳೇ? ಸುಳ್ಳಲ್ಲ, ಅರ್ಧ ಮಾತು. 2008ರಲ್ಲಿ ಹುಟ್ಟಿದ ವೈರ್‌ಲೆಸ್ ಪವರ್ ಕನ್ಸಾರ್ಷಿಯಂ ಎಂಬ ಕಂಪನಿಗಳ ಒಕ್ಕೂಟ 2010ರಲ್ಲಿ ಈ ಕ್ಯೂಐ ಮಾನಕ ತಂದಾಗ ಮಿತಿ 5 ವ್ಯಾಟ್ ಇತ್ತು. ಆಮೇಲೆ 15ಕ್ಕೆ ಏರಿತು. 2017ರಲ್ಲಿ ಐಫೋನ್ 8 ಬಂದಾಗ ಅದರ ಬೆನ್ನು ಲೋಹದಿಂದ ಗಾಜಿಗೆ ಬದಲಾದದ್ದೂ ಇದಕ್ಕಾಗಿಯೇ. ಲೋಹದ ಬೆನ್ನನ್ನು ಕಾಂತಕ್ಷೇತ್ರ ದಾಟಲಾರದು. 2020ರಲ್ಲಿ ಐಫೋನ್ 12ಕ್ಕೆ ಆಯಸ್ಕಾಂತ ಬಂತು, 2023ರಲ್ಲಿ ಅದೇ ಉಪಾಯ ಕ್ಯೂಐ2 ಎಂಬ ಹೆಸರಿನಲ್ಲಿ ಎಲ್ಲ ಕಂಪನಿಗಳಿಗೂ ತೆರೆದುಕೊಂಡಿತು. ಪ್ಯಾಡ್, ಫೋನ್, ಅಡಾಪ್ಟರ್ ಮೂರೂ ಒಂದೇ ಭಾಷೆ ಆಡಿದರೆ ಮಾತ್ರ 15 ವ್ಯಾಟ್ ಸಿಗುತ್ತದೆ. ಹಳೆಯ ಐಫೋನು ಸಾಮಾನ್ಯ ಪ್ಯಾಡಿನ ಮೇಲೆ ಏಳೂವರೆ ವ್ಯಾಟಿಗೆ ನಿಲ್ಲುತ್ತದೆ. ಮನೆಯ ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಅಡಾಪ್ಟರು 5 ವೋಲ್ಟ್, ಒಂದು ಆಂಪಿಯರಿನದಾದರೆ ಅದರ ಇಡೀ ಶಕ್ತಿಯೇ 5 ವ್ಯಾಟ್, ಪ್ಯಾಡ್ ಎಷ್ಟು ಒಳ್ಳೆಯದಿದ್ದರೂ ಅಷ್ಟರ ಮೇಲೆ ಏನೂ ಬರುವುದಿಲ್ಲ. 19 ವ್ಯಾಟ್-ಗಂಟೆಯ ಬ್ಯಾಟರಿಗೆ ಮೂರೂವರೆ ನಾಲ್ಕು ವ್ಯಾಟ್ ಸೇರುತ್ತಿದ್ದರೆ ತುಂಬಲು ಐದಾರು ಗಂಟೆ ಬೇಕು. ಪ್ಯಾಡ್ ಮಾರುವಾಗ ಅಡಾಪ್ಟರಿನ ಮಾತನ್ನೇ ಎತ್ತದಿರುವುದು ನನ್ನ ಮಟ್ಟಿಗೆ ಗ್ರಾಹಕನಿಗೆ ಮಾಡುವ ಅನ್ಯಾಯ.

ಅಡಾಪ್ಟರಿನ ವೋಲ್ಟೇಜನ್ನೂ ನೋಡಬೇಕು. ವೋಲ್ಟೇಜ್ ಏರಿಸಿ ನಷ್ಟ ತಗ್ಗಿಸುವ ಪಾಠ ನಮ್ಮ ರಾಜ್ಯಕ್ಕೆ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತು ಒಯ್ದರು. ತಂತಿಯಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ ಬಿಸಿಯಾಗಿ ಕಳೆದುಹೋಗುವುದು ನಾಲ್ಕು ಪಟ್ಟು. ಅದಕ್ಕೇ ವೋಲ್ಟೇಜನ್ನು 30,000ದ ಮೇಲಕ್ಕೆ ಏರಿಸಿ ಕರೆಂಟನ್ನು ತಗ್ಗಿಸಿದರು. ಇವತ್ತಿನ ವೇಗದ ಅಡಾಪ್ಟರ್ ಮಾಡುವುದೂ ಅದನ್ನೇ. 5 ವೋಲ್ಟಿನ ಬದಲು 9 ವೋಲ್ಟ್ ಕೊಟ್ಟು ಸಣ್ಣ ವೈರಿನಲ್ಲಿ ಹೆಚ್ಚು ಶಕ್ತಿ ಸಾಗಿಸುತ್ತದೆ. ಅಡಾಪ್ಟರಿನ ಮೇಲೆ ಸಣ್ಣ ಅಕ್ಷರದಲ್ಲಿ 9 ವೋಲ್ಟ್ ಎಂಬ ಸಾಲು ಇಲ್ಲದಿದ್ದರೆ ವೇಗದ ಆಸೆ ಬಿಡಬೇಕು.

ಇನ್ನೊಂದು ವಿಷಯಕ್ಕೆ ಸ್ವಲ್ಪ ಒತ್ತು ಕೊಟ್ಟು ಹೇಳಬೇಕು. ಅಡುಗೆಮನೆಯ ಇಂಡಕ್ಷನ್ ಒಲೆ ಗೊತ್ತಲ್ಲ, ಒಲೆ ತಾನು ಕಾಯದೆ ಮೇಲಿಟ್ಟ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಪ್ಯಾಡಿಗೂ ಫೋನಿಗೂ ನಡುವೆ ಲೋಹ ಸಿಕ್ಕಿಕೊಂಡರೆ ಅದಕ್ಕೂ ಅದೇ ಗತಿ. ಹಳೆಯ ಆಯಸ್ಕಾಂತದ ಹೋಲ್ಡರಿಗೆಂದು ಫೋನಿನ ಬೆನ್ನಿಗೆ ಅಂಟಿಸಿದ ಕಬ್ಬಿಣದ ಬಿಲ್ಲೆಯನ್ನು ಹಾಗೇ ಬಿಟ್ಟು ಮೇಲೆ ಕವರು ಹಾಕಿಕೊಂಡ ಚಾಲಕರು ಎಷ್ಟೋ ಮಂದಿ. ಬೆರಳು ತೂರಿಸುವ ಉಂಗುರ, ಕವರಿನೊಳಗೆ ಭಕ್ತಿಯಿಂದ ಇಟ್ಟುಕೊಂಡ ತಾಮ್ರದ ತಗಡು, ಒಂದು ನಾಣ್ಯ, ಇವೆಲ್ಲ ಅದೇ ಜಾತಿ. ಒಳ್ಳೆಯ ಪ್ಯಾಡ್ ಲೋಹವನ್ನು ಪತ್ತೆ ಮಾಡಿ ಕೆಲಸ ನಿಲ್ಲಿಸುತ್ತದೆ. ಹೆಸರಿಲ್ಲದ ಅಗ್ಗದ ಪ್ಯಾಡ್ ನಿಲ್ಲಿಸುತ್ತದೆಂಬ ಭರವಸೆ ಇಲ್ಲ. ಕವರಿನ ಹಿಂದೆ ಮೆಟ್ರೊ ಕಾರ್ಡು, ಆಫೀಸಿನ ಬಾಗಿಲು ತೆಗೆಯುವ ಕಾರ್ಡು ಇಟ್ಟುಕೊಳ್ಳುವವರು ಅದನ್ನು ತೆಗೆದೇ ಫೋನನ್ನು ಪ್ಯಾಡಿನ ಮೇಲಿಡಿ. ಕಾಂತಕ್ಷೇತ್ರಕ್ಕೆ ಸಿಕ್ಕಿ ಅದರೊಳಗಿನ ಚಿಪ್ಪು ಹಾಳಾಗಬಹುದು.

ಪ್ಯಾಡನ್ನೇ ಬಿಡಿ ಎಂದು ನಾನು ಹೇಳುವುದಿಲ್ಲ. ವಯಸ್ಸಾದವರಿಗೆ, ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಸಣ್ಣ ಪಿನ್ ಹುಡುಕಿ ಚುಚ್ಚುವುದಕ್ಕಿಂತ ಫೋನನ್ನು ಒಂದು ಕಡೆ ಇಟ್ಟುಬಿಡುವುದು ಎಷ್ಟು ಹಗುರ! ಚಾರ್ಜಿಂಗ್ ತೂತು ಸವೆದು ಸಡಿಲಾಗುವ ತೊಂದರೆಯೂ ಇಲ್ಲ. ಅಂಥವರಿಗೆ ಕೊಡಿಸುವುದಾದರೆ ಆಯಸ್ಕಾಂತವಿರುವುದನ್ನೇ ಕೊಡಿಸಿ. ಸುರುಳಿಯ ಮೇಲೆ ಸುರುಳಿ ತಾನಾಗಿ ಬಂದು ಕೂರುತ್ತದೆ, ರಾತ್ರಿ ಪಕ್ಕಕ್ಕೆ ಸರಿದು ಬೆಳಿಗ್ಗೆ ಖಾಲಿ ಫೋನ್ ಕೈಗೆ ಬರುವುದಿಲ್ಲ. ಕೊಳ್ಳುವ ಮೊದಲು ಅವರ ಫೋನಿನಲ್ಲಿ ಈ ಸೌಲಭ್ಯ ಇದೆಯೇ ಎಂದು ನೋಡಿಕೊಳ್ಳಿ, ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಇರುವುದಿಲ್ಲ. ಪ್ಯಾಡನ್ನು ಹಾಸಿಗೆ, ದಿಂಬು, ಸೋಫಾದ ಮೇಲಿಡದೆ ಗಟ್ಟಿ ಮೇಜಿನ ಮೇಲಿಡಿ, ಗಾಳಿಯಾಡಲಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಅವಕಾಶವಿದ್ದರೆ ಬಳಸಿಕೊಳ್ಳಿ. ಪ್ಯಾಡಿನ ಮೇಲಿಟ್ಟುಕೊಂಡು ವಿಡಿಯೊ ನೋಡುವುದು, ಮಕ್ಕಳು ಆಟ ಆಡುವುದು ಬೇಡ. ಬಿಸಿಯಾದ ಫೋನನ್ನು ಫ್ರಿಜ್ಜಿನಲ್ಲಂತೂ ಇಡಲೇಬೇಡಿ, ಒಳಗೆ ನೀರಿನ ಹನಿ ಕಟ್ಟುತ್ತದೆ. ಕವರು ಬಿಚ್ಚಿ ನೆರಳಲ್ಲಿಟ್ಟರೆ ತಾನೇ ತಣ್ಣಗಾಗುತ್ತದೆ. ಬೆನ್ನು ಉಬ್ಬಿದ್ದು ಕಂಡರೆ ಚಾರ್ಜ್ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ ಬ್ಯಾಟರಿ ಬದಲಾಯಿಸಿ.

ಟ್ಯಾಕ್ಸಿ, ಆಟೊ ಓಡಿಸುವ ಸೋದರರಿಗೆ ನನ್ನ ಸಲಹೆ ಬೇರೆ. ನಿಮ್ಮ ಕೆಲಸದಲ್ಲಿ ಫೋನ್ ಬಿಸಿಲಿನಲ್ಲಿದೆ, ಪರದೆ ಸದಾ ಉರಿಯುತ್ತಿದೆ, ಮ್ಯಾಪ್ ಓಡುತ್ತಿದೆ. ಇದರ ಮೇಲೆ ಪ್ಯಾಡಿನ ಶಾಖವನ್ನೂ ಹೊರಿಸಬೇಡಿ. ಹಗಲು ದುಡಿಮೆಯ ಹೊತ್ತಿನಲ್ಲಿ ವೈರೇ ಸರಿ. ಕಾರಿನ ಸಿಗರೇಟ್ ಲೈಟರ್ ತೂತಿಗೆ ಹಾಕುವ 20 ವ್ಯಾಟಿನ ಒಳ್ಳೆಯ ಚಾರ್ಜರು, ಒಂದು ಗಟ್ಟಿ ಕೇಬಲ್ಲು, ಇವೆರಡಿದ್ದರೆ ಹೆಬ್ಬಾಳದಲ್ಲಿ ಎಷ್ಟು ಹೊತ್ತು ನಿಂತರೂ ಚಾರ್ಜ್ ಇಳಿಯುವುದಿಲ್ಲ. ಹೋಲ್ಡರನ್ನು ಮುಂಗಾಜಿನಿಂದ ತೆಗೆದು ಎಸಿ ಕಿಂಡಿಯ ಮುಂದಕ್ಕೆ ಸರಿಸಿ. ಪ್ಯಾಡ್ ಮಾರುವ ಅಂಗಡಿಯವರು ಅದಕ್ಕೆ ಎಷ್ಟು ವ್ಯಾಟಿನ ಅಡಾಪ್ಟರ್ ಬೇಕೆಂಬುದನ್ನು ಕೇಳುವ ಮೊದಲೇ ಹೇಳಿ. ಕೊಳ್ಳುವವರು ಅದನ್ನು ಕೇಳಿ ತಿಳಿಯದೆ ದುಡ್ಡು ಕೊಡಬೇಡಿ.